ಸಾಕಿದ ಓತಿಗೆ ದಯಾಮರಣ: ನಿರ್ಧಾರಕ್ಕೆ ಮುನ್ನ ವಿಚಾರಿಸಬೇಕಾದ ಸಂಗತಿಗಳು

ನಾಯಿಯಾಗಲಿ ಬೆಕ್ಕಾಗಲಿ ವ್ಯಾಧಿಗ್ರಸ್ತವಾದಾಗ ಅದರ ಕೂಗು, ಅದರ ನೋಟ, ಅದರ ಉಸಿರಿನ ಏರಿಳಿತ ಇವೆಲ್ಲವೂ ಸಾಕಿದವರಿಗೆ ಸುಲಭವಾಗಿ ತಿಳಿಯುವಂಥವು. ಆ ಪ್ರಾಣಿಗಳ ಸಂಕಟವನ್ನು ನಾವು ನಮ್ಮ ಸಂಕಟದ ಅಳತೆಯಿಂದಲೇ ಅಳೆದುಕೊಳ್ಳಬಲ್ಲೆವು. ಆದರೆ ಮನೆಯ ಗಾಜಿನ ಪೆಟ್ಟಿಗೆಯೊಳಗೆ ವರ್ಷಗಟ್ಟಲೆ ಬಾಳಿದ ಓತಿಯೊಂದು ಮೇವು ಬಿಟ್ಟು, ಕಣ್ಣು ಮುಚ್ಚಿ, ಮೂಲೆಯಲ್ಲಿ ಅಲುಗಾಡದೆ ಬಿದ್ದುಕೊಂಡಾಗ, ಅದು ನರಳುತ್ತಿದೆಯೋ, ವಿಶ್ರಮಿಸುತ್ತಿದೆಯೋ, ಸಾಯುತ್ತಿದೆಯೋ ಎಂಬುದನ್ನು ಹೇಳಬಲ್ಲ ದನಿ ಅದಕ್ಕಿಲ್ಲ. ಸರೀಸೃಪದ ದೇಹವು ತನಗೆ ಬೇಕಾದ ಶಾಖವನ್ನು ಹೊರಗಿನಿಂದ ಎರವಲು ಪಡೆದು ನಡೆಯತಕ್ಕದ್ದು. ಅದರ ಜೀರ್ಣಕ್ರಿಯೆ, ಅದರ ರೋಗ, ಅದರ ಚೇತರಿಕೆ, ಕಡೆಗೆ ಅದರ ಮರಣವೂ ನಮ್ಮ ಊಹೆಗಿಂತ ಬಹಳ ನಿಧಾನವಾಗಿ ಸಾಗುತ್ತವೆ. ಈ ಮಂದಗತಿಯೇ ಸಾಕಿದವರನ್ನು ಎರಡು ದಿಕ್ಕಿನಿಂದಲೂ ಭ್ರಮೆಗೊಳಿಸುತ್ತದೆ: ಬದುಕಬಲ್ಲ ಜೀವವನ್ನು ಮರಣೋನ್ಮುಖವೆಂದು ತಿಳಿದು ಅವಸರಪಡುವವರೂ ಉಂಟು, ತೀವ್ರ ಯಾತನೆಯಲ್ಲಿರುವ ಜೀವವನ್ನು ನೆಮ್ಮದಿಯಾಗಿ ಮಲಗಿದೆಯೆಂದು ತಿಳಿದು ತಿಂಗಳುಗಟ್ಟಲೆ ಕಾಯುವವರೂ ಉಂಟು. ದಯಾಮರಣದ ವಿಚಾರವನ್ನು ಕೈಗೆತ್ತಿಕೊಳ್ಳುವವರು ಮೊದಲು ಈ ನಿಧಾನವನ್ನು ಅರಿತಿರಬೇಕು.

ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ನೆಲಸಿದ ಕನ್ನಡಿಗರ ಮನೆಗಳಲ್ಲಿ ಮಕ್ಕಳ ಹಟಕ್ಕೆ ಮಣಿದು ತಂದ ಬಿಯರ್ಡೆಡ್ ಡ್ರ್ಯಾಗನ್ ಎಂಬ ಗಡ್ಡದ ಓತಿ ಈಗ ಅಪರೂಪವಲ್ಲ. ಬೆಂಗಳೂರಿನಂಥ ನಗರಗಳಲ್ಲಿ ಹಸಿರು ಇಗ್ವಾನಾ ಎಂಬ ಓತಿಯನ್ನು ಸಾಕುವವರಿದ್ದಾರೆ. ಮೊದಲನೆಯದು ಆಸ್ಟ್ರೇಲಿಯದ ಒಣ ಒಳನಾಡಿನ ಪ್ರಾಣಿ, ಎರಡನೆಯದು ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳದು. ಗಡ್ಡದ ಓತಿ ಚೆನ್ನಾಗಿ ಸಾಕಿದರೆ ಸಾಮಾನ್ಯವಾಗಿ 8ರಿಂದ 12 ವರ್ಷ ಬದುಕುತ್ತದೆ. ಇಗ್ವಾನಾ ಅದಕ್ಕೂ ಹೆಚ್ಚು ಕಾಲ ಬಾಳಬಲ್ಲದು. ಎರಡನೆಯ ತರಗತಿಯ ಬಾಲಕಿ ತಂದ ಮರಿಯು ಅವಳು ಕಾಲೇಜಿಗೆ ಹೊರಡುವ ಹೊತ್ತಿಗೆ ಮುದಿಯಾಗುವುದೆಂದರೆ, ಅದು ಆ ಕುಟುಂಬದ ಇತಿಹಾಸದ ಒಂದು ಭಾಗವೇ ಆಗಿರುತ್ತದೆ. ‘ಬರಿಯ ಹಲ್ಲಿ ತಾನೆ, ಅದಕ್ಕೇಕೆ ಇಷ್ಟು ಚಿಂತೆ’ ಎಂದು ನೆರೆಹೊರೆಯವರು ಹೇಳುವ ಮಾತನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ.

ಓತಿ ಮೇವು ಬಿಟ್ಟಿದೆಯೆಂದ ಕೂಡಲೆ ನೋಡಬೇಕಾದದ್ದು ಓತಿಯನ್ನಲ್ಲ, ಅದರ ಪೆಟ್ಟಿಗೆಯನ್ನು. ಗಡ್ಡದ ಓತಿ ಬಿಸಿಲು ಕಾಯುವ ಜಾಗದಲ್ಲಿ ಉಷ್ಣತೆಯು ಸುಮಾರು 38ರಿಂದ 42 ಡಿಗ್ರಿ ಸೆಲ್ಸಿಯಸ್‌ನಷ್ಟಿರಬೇಕು. ಪೆಟ್ಟಿಗೆಯ ಮತ್ತೊಂದು ಬದಿ 25 ಡಿಗ್ರಿಯ ಆಸುಪಾಸಿನಲ್ಲಿದ್ದು, ಪ್ರಾಣಿಯು ತನಗೆ ಬೇಕಾದಾಗ ಅತ್ತಿಂದಿತ್ತ ಸರಿದುಕೊಳ್ಳುವಂತಿರಬೇಕು. ಗೋಡೆಗೆ ಅಂಟಿಸಿದ ಮಾಪಕವು ಗಾಳಿಯ ಬಿಸಿಯನ್ನು ತೋರಿಸುವುದೇ ಹೊರತು ಓತಿ ಮಲಗುವ ಕಲ್ಲಿನ ಬಿಸಿಯನ್ನಲ್ಲ. ಆದುದರಿಂದ ಆ ಕಲ್ಲಿನ ಮೇಲೆಯೇ ಅಳೆಯಬೇಕು. ನೇರಳಾತೀತ ಕಿರಣದ ದೀಪವಂತೂ ಇನ್ನೂ ಹೆಚ್ಚಿನ ಮೋಸಗಾರ: ಕಣ್ಣಿಗೆ ಅದು ಉಜ್ಜ್ವಲವಾಗಿ ಉರಿಯುತ್ತಲೇ ಇದ್ದರೂ, ಎಲುಬಿಗೆ ಬೇಕಾದ ಡಿ3 ಜೀವಸತ್ತ್ವವನ್ನು ಚರ್ಮದಲ್ಲಿ ಹುಟ್ಟಿಸುವ ಕಿರಣವು ತಿಂಗಳುಗಳು ಕಳೆದಂತೆ ಕ್ಷೀಣಿಸಿರುತ್ತದೆ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲು ಅದಕ್ಕೆ ಬದಲಾಗದು. ಗಾಜು ಆ ಕಿರಣವನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ. ತಣ್ಣಗಿರುವ ಓತಿಯು ತಿಂದದ್ದನ್ನು ಅರಗಿಸಿಕೊಳ್ಳಲಾರದು, ಸೋಂಕನ್ನು ಎದುರಿಸಲಾರದು, ಕೊಟ್ಟ ಔಷಧವನ್ನು ಸಹ ಸರಿಯಾಗಿ ಬಳಸಿಕೊಳ್ಳಲಾರದು. ಶಾಖವನ್ನೂ ನೀರನ್ನೂ ಸರಿಪಡಿಸಿದ ಬಳಿಕ ಒಂದೆರಡು ವಾರದಲ್ಲಿ ಎದ್ದು ಕುಳಿತ ಓತಿಗಳಿವೆ. ಅಂಥ ಪ್ರಾಣಿಯನ್ನು ಅವಸರದಿಂದ ಕೊಲ್ಲಿಸುವುದು ದಯೆಯಲ್ಲ. ಹಾಗೆಂದು, ಉಸಿರು ಕಟ್ಟುತ್ತಿರುವ, ರಕ್ತ ಸುರಿಯುತ್ತಿರುವ, ಸೆಳೆತದಿಂದ ನಡುಗುತ್ತಿರುವ ಓತಿಯನ್ನು ಪೆಟ್ಟಿಗೆ ಸರಿಪಡಿಸುವ ನೆಪದಲ್ಲಿ ಮನೆಯಲ್ಲಿರಿಸಿಕೊಳ್ಳಲಾಗದು. ಅದನ್ನು ಆ ದಿನವೇ ವೈದ್ಯರ ಬಳಿಗೆ ಒಯ್ಯಬೇಕು.

ಇದಲ್ಲದೆ ಚಳಿಗಾಲದಲ್ಲಿ ಪ್ರಾಯದ ಗಡ್ಡದ ಓತಿಗಳು ವಾರಗಟ್ಟಲೆ, ಕೆಲವೊಮ್ಮೆ ಎರಡು ಮೂರು ತಿಂಗಳು ಮಂಕಾಗಿ ಮಲಗುವುದುಂಟು. ಅದು ಅವುಗಳ ಪ್ರಕೃತಿಧರ್ಮ. ಆ ಕಾಲದಲ್ಲಿ ಅವು ತಿನ್ನುವುದಿಲ್ಲ, ಹೊರಗೆ ಬರುವುದಿಲ್ಲ, ಮುಟ್ಟಿದರೆ ಅಸಮಾಧಾನದಿಂದ ಕಣ್ಣು ತೆರೆದು ಮುಚ್ಚಿಕೊಳ್ಳುತ್ತವೆ. ಮೊಟ್ಟೆ ತುಂಬಿದ ಹೆಣ್ಣು ಸಹ ಮೇವು ಬಿಡುತ್ತದೆ. ಚಳಿಗಾಲದ ಆ ನಿದ್ರೆಗೂ ರೋಗಕ್ಕೂ ಇರುವ ಭೇದವನ್ನು ತೋರಿಸಿಕೊಡಬಲ್ಲ ಮನೆಯ ಸಾಧನವೆಂದರೆ ಅಡುಗೆಮನೆಯ ತಕ್ಕಡಿಯೊಂದೇ. ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಓತಿಯ ಎದೆಯ ಕೆಳಗೆ ಒಂದು ಕೈ, ಹಿಂಗಾಲುಗಳ ಕೆಳಗೆ ಇನ್ನೊಂದು ಕೈ ಕೊಟ್ಟು ಎತ್ತಿ ಅದರೊಳಗೆ ಇಳಿಸಬೇಕು. ಅದು ಒಂದು ಗಳಿಗೆ ಸ್ತಬ್ಧವಾದಾಗ ಕಾಣುವ ಗ್ರಾಮನ್ನು ತಾರೀಖಿನೊಡನೆ ಬರೆದಿಡಬೇಕು. ಆರೋಗ್ಯವಂತ ಓತಿಯು ಚಳಿಗಾಲದ ನಿದ್ರೆಯಲ್ಲಿ ತೂಕವನ್ನು ಅತ್ಯಲ್ಪವಾಗಿ ಮಾತ್ರ ಕಳೆದುಕೊಳ್ಳುತ್ತದೆ. 400 ಗ್ರಾಂ ಇದ್ದದ್ದು ಕೆಲವೇ ವಾರಗಳಲ್ಲಿ 360ಕ್ಕೆ ಇಳಿದರೆ, ಕಣ್ಣುಗುಡ್ಡೆಗಳು ಒಳಸರಿದರೆ, ಸೊಂಟದ ಮೂಳೆಗಳು ಚರ್ಮದಡಿ ಎದ್ದು ಕಂಡರೆ, ಬಾಲದ ಬುಡವು ಮಾಂಸವಿಲ್ಲದೆ ಸೊರಗಿದರೆ, ಅದನ್ನು ನಿದ್ರೆಯೆಂದು ನಂಬಿ ಸುಮ್ಮನಿರಬಾರದು.

ಆಮೇಲಿನ ಹೆಜ್ಜೆ ರೋಗನಿರ್ಣಯ. ಎಲ್ಲ ಪಶುವೈದ್ಯರಿಗೂ ಸರೀಸೃಪಗಳ ಪರಿಚಯವಿರುವುದಿಲ್ಲ. ಇದು ಅವರ ಕುಂದಲ್ಲ, ಅವರ ಶಿಕ್ಷಣವು ದನ, ನಾಯಿ, ಕೋಳಿಗಳ ಸುತ್ತ ಬೆಳೆದುಬಂದದ್ದು. ಅಮೆರಿಕದಲ್ಲಿ ಸರೀಸೃಪ ಮತ್ತು ಉಭಯಚರಗಳ ವೈದ್ಯರ ಸಂಘವು ತನ್ನ ಸದಸ್ಯರ ಪಟ್ಟಿಯನ್ನು ಸಾರ್ವಜನಿಕರಿಗೆ ಒದಗಿಸುತ್ತದೆ. ನಮ್ಮಲ್ಲಿ ಸರೀಸೃಪಗಳನ್ನು ಬಲ್ಲ ದೊಡ್ಡ ಊರಿನ ವೈದ್ಯರೊಬ್ಬರೊಡನೆ ತಮ್ಮ ಊರಿನ ವೈದ್ಯರು ಫೋನಿನಲ್ಲಿ ಸಮಾಲೋಚಿಸುವಂತೆ ಕೇಳಿಕೊಳ್ಳಬಹುದು. ಎಕ್ಸ್-ರೇ, ಮಲಪರೀಕ್ಷೆ, ರಕ್ತದಲ್ಲಿ ಯೂರಿಕ್ ಆಮ್ಲ, ಕ್ಯಾಲ್ಸಿಯಂ, ರಂಜಕಗಳ ಪ್ರಮಾಣ, ಇಷ್ಟನ್ನು ನೋಡದೆ ಜೀವದ ವಿಷಯದಲ್ಲಿ ತೀರ್ಪು ಕೊಡುವುದು ಸಾಧುವಲ್ಲ.

ನೋಡುವುದಕ್ಕೆ ಅತಿ ಭಯಂಕರವಾಗಿದ್ದೂ ಅನೇಕ ಸಲ ಗುಣವಾಗತಕ್ಕ ರೋಗವೊಂದಿದೆ: ಕ್ಯಾಲ್ಸಿಯಂ ಹಾಗೂ ಕಿರಣಗಳ ಕೊರತೆಯಿಂದ ಬರುವ ಎಲುಬಿನ ರೋಗ. ಕೆಳದವಡೆಯನ್ನು ಬೆರಳಿನಿಂದ ಮೃದುವಾಗಿ ಒತ್ತಿದರೆ ಅದು ರಬ್ಬರಿನಂತೆ ಬಾಗುತ್ತದೆ; ಕಾಲುಗಳು ಡೊಂಕಾಗಿ ಊದಿಕೊಂಡಿರುತ್ತವೆ; ಕಾಲ್ಬೆರಳುಗಳು ತಾವಾಗಿಯೇ ಅದುರುತ್ತಿರುತ್ತವೆ; ಓತಿಯು ಹೊಟ್ಟೆಯನ್ನು ನೆಲದಿಂದ ಎತ್ತಲಾರದೆ ತೆವಳುತ್ತದೆ. ಇದನ್ನು ಕಂಡು ಸಾಕಿದವರು ಆಸೆಯನ್ನೇ ಬಿಡುತ್ತಾರೆ. ಆದರೆ ಕ್ಯಾಲ್ಸಿಯಂ, ಯೋಗ್ಯವಾದ ದೀಪ, ನೋವುಶಮನದ ಔಷಧ ಇವುಗಳನ್ನು ಹಿಡಿದು ತಿಂಗಳುಗಳ ಕಾಲ ತಾಳ್ಮೆಯಿಂದ ನಡೆದರೆ ಮೂಳೆ ಗಟ್ಟಿಯಾಗುವುದುಂಟು. ಡೊಂಕು ಉಳಿದರೂ ಬಾಳು ಉಳಿಯುತ್ತದೆ. ಕಾಲೊಂದನ್ನು ಕತ್ತರಿಸಬೇಕಾಗಿ ಬಂದ ಓತಿಯೂ ಮೂರು ಕಾಲಿನಲ್ಲಿ ಚೆನ್ನಾಗಿಯೇ ಓಡಾಡುತ್ತದೆ. ಅಂಗವೈಕಲ್ಯವೊಂದೇ ಮರಣಕ್ಕೆ ಕಾರಣವಾಗಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಬಾಯಿಹುಣ್ಣು, ಹೊಟ್ಟೆಕಟ್ಟು, ಹೊರಬಾರದೆ ಒಳಗೆ ನಿಂತ ಮೊಟ್ಟೆ ಇವೂ ಸಕಾಲದಲ್ಲಿ ವೈದ್ಯರ ಕೈಗೆ ಬಂದರೆ ಬಹಳ ಮಟ್ಟಿಗೆ ಚಿಕಿತ್ಸೆಗೆ ಬಗ್ಗುವಂಥವು. ಆದರೆ ಅದೇ ಎಲುಬಿನ ರೋಗದಲ್ಲಿ ಬೆನ್ನುಮೂಳೆ ಮುರಿದು, ಹಿಂಭಾಗವೆಲ್ಲ ಸ್ಪರ್ಶವಿಲ್ಲದಂತಾಗಿ, ಮಲಮೂತ್ರ ವಿಸರ್ಜನೆಯೂ ನಿಂತುಹೋಗಿದ್ದರೆ ಮಾತು ಬೇರೆ.

ಇಗ್ವಾನಾದ ಮೂತ್ರಪಿಂಡಗಳ ರೋಗದ ವಿಷಯವೂ ಹೀಗೆಯೇ ಬೇರೆ. ಸೊಪ್ಪು ತಿನ್ನುವ ಆ ಪ್ರಾಣಿಗೆ ಪ್ರೀತಿಯಿಂದ ಮೊಟ್ಟೆ, ಮಾಂಸ, ನಾಯಿಯ ತಿಂಡಿಗಳನ್ನು ವರ್ಷಗಟ್ಟಲೆ ತಿನ್ನಿಸಿದವರು, ಸಾಕಷ್ಟು ನೀರೂ ತೇವವೂ ಇಲ್ಲದ ಒಣ ಕೊಠಡಿಯಲ್ಲಿ ಇಟ್ಟವರು, ಅದರ ನಡುವಯಸ್ಸಿನಲ್ಲಿ ಈ ರೋಗವನ್ನು ಕಾಣುತ್ತಾರೆ. ಹೊರಗೆ ಚಿಹ್ನೆಗಳು ಕಾಣುವಷ್ಟರಲ್ಲಿ ಮೂತ್ರಪಿಂಡದ ಬಹುಭಾಗ ಕೆಟ್ಟಿರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂಗಿಂತ ರಂಜಕವು ಮೇಲೇರಿರುತ್ತದೆ. ಊದಿದ ಮೂತ್ರಪಿಂಡವು ಸೊಂಟದ ಎಲುಬಿನ ನಡುವೆ ಸಿಕ್ಕಿ ಮಲಮಾರ್ಗವನ್ನೇ ಒತ್ತುವುದುಂಟು. ಯೂರಿಕ್ ಆಮ್ಲವು ಹರಳುಗಟ್ಟಿ ಕೀಲುಗಳಲ್ಲಿ ನೆಲೆಸಿದರೆ ಪ್ರತಿಯೊಂದು ಹೆಜ್ಜೆಯೂ ವೇದನೆಯಾಗುತ್ತದೆ. ಮನುಷ್ಯರಲ್ಲಿ ಗೌಟ್ ಎಂಬ ವಾತರೋಗವನ್ನು ಅನುಭವಿಸಿದವರಿಗೆ ಅದರ ಸ್ವರೂಪವನ್ನು ಬೇರೆ ವಿವರಿಸಬೇಕಾಗಿಲ್ಲ. ದ್ರವಗಳನ್ನು ಕೊಟ್ಟು, ಔಷಧದಿಂದ ಕೆಲವು ಕಾಲ ತಡೆಯಬಹುದು. ಕೆಟ್ಟ ಅಂಗವು ಮರಳಿ ಬಾರದು. ಗಡ್ಡದ ಓತಿಗಳಲ್ಲಿ ಆಳಕ್ಕಿಳಿದ ಹಳದಿ ಶಿಲೀಂಧ್ರ ರೋಗ, ಹಬ್ಬಿದ ಅರ್ಬುದ, ಲೆಪರ್ಡ್ ಗೆಕೊ ಎಂಬ ಚುಕ್ಕೆ ಹಲ್ಲಿಗಳಲ್ಲಿ ಬಾಲವನ್ನು ಕಡ್ಡಿಯಷ್ಟು ಸಣಕಲು ಮಾಡುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಕರುಳಿನ ಪರಾವಲಂಬಿ, ಇವೂ ಬಹುತೇಕ ಗುಣಕಾಣದ ಸಾಲಿಗೇ ಸೇರಿದವು. ವೈದ್ಯರನ್ನು ಕೇಳಬೇಕಾದದ್ದು ‘ಬದುಕುತ್ತದೆಯೇ’ ಎಂದಲ್ಲ. ‘ಈ ಚಿಕಿತ್ಸೆಯಿಂದ ಅದು ಮತ್ತೆ ತಾನಾಗಿ ತಿಂದು ತಿರುಗಾಡುವ ಸ್ಥಿತಿಗೆ ಬರುವುದೇ, ಬರುವುದಾದರೆ ಎಷ್ಟು ಕಾಲ ಬೇಕು, ಆ ಕಾಲದಲ್ಲಿ ಅದರ ನೋವನ್ನು ತಡೆಯಲು ನಿಮ್ಮಲ್ಲಿ ಏನಿದೆ’ ಎಂದು. ಖರ್ಚನ್ನೂ ಆಗಲೇ ಸಂಕೋಚವಿಲ್ಲದೆ ಕೇಳಬೇಕು. ಶಕ್ತಿ ಮೀರಿದ ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಿ ಪ್ರಾಣಿಯನ್ನು ಮನೆಯಲ್ಲಿ ಕೊಳೆಯಗೊಡುವುದಕ್ಕಿಂತ, ಭರಿಸಲಾಗದೆಂದು ಮೊದಲೇ ಒಪ್ಪಿಕೊಳ್ಳುವುದು ಹೆಚ್ಚು ಗೌರವದ ದಾರಿ.

ನೋವಿನ ಚಿಹ್ನೆಗಳು ಓತಿಯಲ್ಲಿ ಸೂಕ್ಷ್ಮವಾದವು. ಬೇರೆ ಪ್ರಾಣಿಗಳಿಗೆ ಬೇಟೆಯಾಗತಕ್ಕ ಅದು ತನ್ನ ದೌರ್ಬಲ್ಯವನ್ನು ಮರೆಮಾಚುವ ಸ್ವಭಾವವನ್ನು ಹುಟ್ಟಿನಿಂದಲೇ ಪಡೆದಿರುತ್ತದೆ. ಮೈಬಣ್ಣವು ದಿನವಿಡೀ ಕಪ್ಪಾಗಿಯೇ ಇರುವುದು, ಗಂಟಲ ಗಡ್ಡವು ಕಾರಣವಿಲ್ಲದೆ ಕಪ್ಪೇರುವುದು, ಹಗಲಿನಲ್ಲಿಯೂ ಕಣ್ಣು ಮುಚ್ಚಿರುವುದು, ಬಿಸಿಯ ಕಲ್ಲಿಗೆ ತಾನಾಗಿ ಹೋಗದಿರುವುದು, ಬೆನ್ನನ್ನು ಬಾಗಿಸಿ ಕೂರುವುದು, ಹಿಂದೆ ಸಾಧುವಾಗಿದ್ದದ್ದು ಮುಟ್ಟಿದೊಡನೆ ಕಚ್ಚಬರುವುದು, ಇವುಗಳಲ್ಲಿ ಒಂದೊಂದೇ ಏನನ್ನೂ ಸಾಧಿಸದು; ಆದರೆ ನಾಲ್ಕೈದು ಕೂಡಿ ವಾರಗಟ್ಟಲೆ ನಿಂತರೆ ಅದು ಸಾಕ್ಷ್ಯ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲಲೋಬೊಸ್ ಎಂಬವರು ಮರಣದ ಹೊಸ್ತಿಲಲ್ಲಿರುವ ಸಾಕುಪ್ರಾಣಿಗಳಿಗಾಗಿ ರೂಪಿಸಿದ ಮಾಪನವೊಂದು ಪ್ರಸಿದ್ಧವಾಗಿದೆ: ನೋವು, ಹಸಿವು, ನೀರಿನಂಶ, ಶುಚಿತ್ವ, ಸಂತೋಷ, ಚಲನೆ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೆ ಎಂಬ ಏಳು ವಿಷಯಗಳಿಗೆ ಸೊನ್ನೆಯಿಂದ 10ರ ವರೆಗೆ ಅಂಕ ಕೊಟ್ಟು, ಮೊತ್ತವು 35ನ್ನು ಮೀರಿದರೆ ಬಾಳು ಸಹ್ಯವೆಂದು ತಿಳಿಯುವ ಕ್ರಮವದು. ಮೂಲತಃ ನಾಯಿ ಬೆಕ್ಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದಾದುದರಿಂದ, ಓತಿಗೆ ಅನ್ವಯಿಸುವಾಗ ‘ಸಂತೋಷ’ದ ಸ್ಥಾನದಲ್ಲಿ ಬೇರೊಂದನ್ನು ನೋಡಬೇಕು: ಮುಂದೆ ಚಲಿಸುವ ಹುಳುವಿನತ್ತ ತಲೆ ತಿರುಗಿಸುತ್ತದೆಯೇ, ಹೊಸ ವಸ್ತುವನ್ನು ನಾಲಗೆಯಿಂದ ಮುಟ್ಟಿ ನೋಡುತ್ತದೆಯೇ, ದೀಪ ಹೊತ್ತಿದಾಗ ತಾನಾಗಿ ಬಿಸಿಗೆ ಬರುತ್ತದೆಯೇ? ಈ ಮೂರೂ ಇಲ್ಲವಾಗಿ, ಸಿರಿಂಜಿನಿಂದ ಬಾಯಿಗೆ ಸುರಿದದ್ದನ್ನು ಬಿಟ್ಟು ಬೇರೇನೂ ಒಳಗೆ ಹೋಗದೆ, ತಕ್ಕಡಿಯ ಅಂಕಿಯೂ ಇಳಿಯುತ್ತಲೇ ಇದ್ದರೆ, ಆ ಪ್ರಾಣಿಯು ಇನ್ನು ತನ್ನ ಬಾಳನ್ನು ಬಾಳುತ್ತಿಲ್ಲವೆಂದೇ ನಾನು ತಿಳಿಯುತ್ತೇನೆ.

‘ಅದರ ಪಾಡಿಗೆ ಅದು ಹೋಗಲಿ, ಜೀವ ತೆಗೆಯುವ ಪಾಪ ನಮಗೇಕೆ’ ಎಂಬ ಮಾತು ನಮ್ಮ ಮನೆಗಳಲ್ಲಿ ಬರುವುದು ಸಹಜ. ಅದರ ಹಿಂದಿನ ಭೂತದಯೆಯನ್ನು ನಾನು ಲಘುವಾಗಿ ಕಾಣಲಾರೆ. ಆದರೆ ನಾಯಿಯಂತೆ ಓತಿಯು ಮೇವು ಬಿಟ್ಟ ಕೆಲವೇ ದಿನಗಳಲ್ಲಿ ಹೋಗುವಂಥದಲ್ಲ. ಉಪವಾಸವನ್ನು ವಾರಗಳು, ಕೆಲವೊಮ್ಮೆ ತಿಂಗಳುಗಳು ತಾಳಬಲ್ಲ ಆ ದೇಹದಲ್ಲಿ ಸಹಜಮರಣವೆಂಬುದು ಅಷ್ಟೇ ದೀರ್ಘವಾದ ಕ್ಷಯವಾಗುತ್ತದೆ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗುಣವಾಗದ ವ್ಯಾಧಿಯಿಂದ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿಯವರು ವೈದ್ಯರಿಂದ ಸೂಜಿಮದ್ದು ಕೊಡಿಸಿ ಅದರ ಯಾತನೆಯನ್ನು ಕೊನೆಗಾಣಿಸಿದಾಗ ದೇಶದಲ್ಲಿ ದೊಡ್ಡ ಕೋಲಾಹಲವೆದ್ದಿತು. ಅಹಿಂಸೆಯ ಉಪಾಸಕರೇ ಅವರನ್ನು ಕಟುವಾಗಿ ಖಂಡಿಸಿದರು. ಗಾಂಧೀಜಿಯವರು ತಮ್ಮ ಪತ್ರಿಕೆಯಲ್ಲಿ ಅದಕ್ಕೆ ಉತ್ತರ ಬರೆಯುವಾಗ, ಕರುವಿನ ಹಿತಕ್ಕಾಗಿ ಅದರ ಪ್ರಾಣ ತೆಗೆಯುವುದಕ್ಕೂ ಬೆಳೆಯ ರಕ್ಷಣೆಗಾಗಿ ಮಂಗಗಳನ್ನು ಕೊಲ್ಲುವುದಕ್ಕೂ ಭೇದವಿದೆಯೆಂದು ಸ್ಪಷ್ಟವಾಗಿ ವಿಂಗಡಿಸಿದ್ದರು. ಓತಿಯ ವಿಷಯದಲ್ಲಿಯೂ ಆ ಭೇದವನ್ನೇ ನಮ್ಮ ಮುಂದಿಟ್ಟುಕೊಳ್ಳಬೇಕು: ನಾವು ಕೊನೆಗಾಣಿಸಲು ಹೊರಟಿರುವುದು ಅದರ ವೇದನೆಯನ್ನೋ, ಅದನ್ನು ದಿನವೂ ನೋಡಬೇಕಾಗಿ ಬಂದ ನಮ್ಮ ಕಷ್ಟವನ್ನೋ? ಈ ಪ್ರಶ್ನೆಗೆ ಮನಸ್ಸು ಎರಡು ಬಗೆಯಾಗಿ ಉತ್ತರಿಸುವಂತಿದ್ದರೆ, ತೂಕದ ಪುಸ್ತಕವನ್ನು ತೆರೆದು ವೈದ್ಯರ ಮುಂದಿಡುವುದು ಒಳ್ಳೆಯದು.

ಇನ್ನು ಸಾಧನದ ವಿಚಾರ. ಇಲ್ಲಿ ನಾನು ಬಿಗಿಯಾಗಿಯೇ ಮಾತನಾಡಬೇಕಾಗಿದೆ. ಓತಿಯನ್ನು ಫ್ರೀಜರಿನಲ್ಲಿಟ್ಟರೆ ಅದು ಸುಖವಾಗಿ ನಿದ್ರೆಹೋಗಿ ಸಾಯುತ್ತದೆಂಬ ನಂಬಿಕೆ ಬಹಳ ಹಳೆಯದು, ಬಹಳ ವ್ಯಾಪಕವಾದದ್ದು, ಮತ್ತು ಕ್ರೂರವಾದದ್ದು. ಶೀತದಿಂದ ಅದರ ಕೈಕಾಲುಗಳು ನಿಶ್ಚೇಷ್ಟವಾಗುವುದು ನಿಜ. ಆದರೆ ಅಲುಗಾಡದಿರುವುದು ನೋವಿಲ್ಲದಿರುವುದಲ್ಲ, ದೇಹದೊಳಗೆ ಹಿಮದ ಹರಳುಗಳು ಕಟ್ಟುವಾಗ ಪ್ರಜ್ಞೆಯು ಉಳಿದಿರಬಹುದು. ಅಮೆರಿಕದ ಪಶುವೈದ್ಯಕೀಯ ಸಂಘದ ದಯಾಮರಣ ಸೂತ್ರಗಳು ಇಂಥ ಶೈತ್ಯವನ್ನು ಒಪ್ಪುವುದಿಲ್ಲ. ತಲೆಯನ್ನು ಕಡಿಯುವುದೊಂದನ್ನೇ ಸಾಕೆಂದೂ ಅವು ಒಪ್ಪುವುದಿಲ್ಲ. ಆಮ್ಲಜನಕವಿಲ್ಲದೆಯೂ ಬಹಳ ಹೊತ್ತು ತಾಳಬಲ್ಲ ಸರೀಸೃಪದ ಮಿದುಳು ದೇಹದಿಂದ ಬೇರ್ಪಟ್ಟ ಮೇಲೂ ಕೂಡಲೆ ಆರುವುದಿಲ್ಲ. ಉಸಿರನ್ನು ದೀರ್ಘಕಾಲ ಹಿಡಿಯಬಲ್ಲ ಪ್ರಾಣಿಗೆ ವಿಷಾನಿಲವೂ ತಕ್ಕ ದಾರಿಯಲ್ಲ. ಬೇರೆ ಪ್ರಾಣಿಗಳಿಗೆ ಕ್ಷಿಪ್ರವಾದದ್ದು ಇದಕ್ಕೆ ದೀರ್ಘಹಿಂಸೆಯಾಗುವುದು ಆ ಮಂದಗತಿಯಿಂದಲೇ.

ತಿಳಿದ ವೈದ್ಯರು ಈ ಕಾರ್ಯವನ್ನು ಎರಡು ಹಂತಗಳಲ್ಲಿ ನಡೆಸುತ್ತಾರೆ. ಮೊದಲು ಸ್ನಾಯುವಿಗೆ ಸೂಜಿಮದ್ದು ಕೊಟ್ಟೋ ಅನಿಲವನ್ನು ಉಸಿರಾಡಿಸಿಯೋ ಆಳವಾದ ಅರಿವಳಿಕೆಗೆ ತರುತ್ತಾರೆ. ಕಾಲ್ಬೆರಳನ್ನು ಚಿವುಟಿದರೂ ಎಳೆದುಕೊಳ್ಳದಷ್ಟು ಪ್ರಜ್ಞೆ ತಪ್ಪಿದ ಮೇಲೆಯೇ ಎರಡನೆಯ ಔಷಧ, ಸಾಮಾನ್ಯವಾಗಿ ಪೆಂಟೊಬಾರ್ಬಿಟಾಲ್, ಬಾಲದಡಿಯ ರಕ್ತನಾಳಕ್ಕೋ ಹೃದಯಕ್ಕೋ ಹೋಗುತ್ತದೆ. ತಣ್ಣಗಿನ ದೇಹದಲ್ಲಿ ಔಷಧವು ಹರಡದು. ಆದುದರಿಂದ ಆಸ್ಪತ್ರೆಗೆ ಒಯ್ಯುವಾಗ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಡಬ್ಬಿಯಲ್ಲಿಟ್ಟು ಓತಿಯನ್ನು ಬೆಚ್ಚಗಿರಿಸಬೇಕು. ಅಲ್ಲಿ ಪಕ್ಕದಲ್ಲಿ ನಿಲ್ಲುವವರು ಮೊದಲೇ ಅರಿತಿರಬೇಕಾದ ಒಂದು ಸಂಗತಿಯುಂಟು. ವೈದ್ಯರು ಡಾಪ್ಲರ್ ಎಂಬ ಚಿಕ್ಕ ಯಂತ್ರದ ತುದಿಯನ್ನು ಓತಿಯ ಎದೆಯ ಮೇಲಿಟ್ಟಾಗ, ಉಸಿರು ನಿಂತು ಎಷ್ಟೋ ಹೊತ್ತಾದ ಬಳಿಕವೂ, ಹೃದಯದ ಸದ್ದು ಒಂದು, ಬಹಳ ಹೊತ್ತಿನ ಮೇಲೆ ಇನ್ನೊಂದು, ಹೀಗೆ ಕೇಳಿಬರುತ್ತದೆ. ಅದು ಪ್ರಜ್ಞೆಯ ಚಿಹ್ನೆಯಲ್ಲ. ಮಿದುಳು ಸತ್ತ ಮೇಲೂ ಆ ಹೃದಯ ಗಂಟೆಗಟ್ಟಲೆ ಮಿಡಿಯಬಲ್ಲದು. ಇದಕ್ಕಾಗಿಯೇ ಮಿದುಳನ್ನು ನಾಶಗೊಳಿಸುವ ಕ್ರಿಯೆಯೊಂದನ್ನು ಕೊನೆಗೆ ಸೇರಿಸುವುದುಂಟು, ದೇಹವನ್ನು ರಾತ್ರಿಯಿಡೀ ಇಟ್ಟುಕೊಂಡು ಮರುದಿನ ಮರಣವನ್ನು ಖಚಿತಪಡಿಸಿ ಒಪ್ಪಿಸುವುದೂ ಉಂಟು. ಹಾಗೆ ಮಾಡುವರೇ ಎಂದು ನೀವೇ ವೈದ್ಯರನ್ನು ಕೇಳಬಹುದು. ಅರಿವಳಿಕೆಯಿಲ್ಲದೆ ನೇರವಾಗಿ ಹೃದಯಕ್ಕೆ ಸೂಜಿ ಚುಚ್ಚುವೆನೆನ್ನುವವರನ್ನು ಮಾತ್ರ ವಿನಯದಿಂದ ತಡೆದು ಬೇರೆಯವರನ್ನು ಹುಡುಕತಕ್ಕದ್ದು.

ಮಕ್ಕಳಿಗೆ ಹೇಳುವ ಮಾತು ಸತ್ಯವಾಗಿರಬೇಕು. ‘ಅಪ್ಪಾ, ಇನ್ನೂ ಸ್ವಲ್ಪ ಬೆಚ್ಚಗಿಟ್ರೆ ನಾಳೆ ಏಳತ್ತಲ್ವಾ?’ ಎಂದು ಮಗಳು ಕೇಳಿದಾಗ, ‘ಇಲ್ಲ ಪುಟ್ಟೀ, ಇನ್ನು ಏಳಲ್ಲ. ಡಾಕ್ಟ್ರು ಎರಡು ಸಲ ನೋಡಿದ್ರು. ಅದಕ್ಕೆ ತುಂಬಾ ನೋವಿದೆ, ಆ ನೋವು ನಿಲ್ಲಿಸ್ತೀವಿ; ಆಮೇಲೆ ಅದು ಬದುಕಿರಲ್ಲ’ ಎಂದು ಹೇಳುವ ತಂದೆಯು ಆ ಕ್ಷಣದಲ್ಲಿ ಕಠಿನನಾಗಿ ಕಂಡರೂ, ಶಾಲೆಯಿಂದ ಬಂದು ಖಾಲಿ ಪೆಟ್ಟಿಗೆಯನ್ನು ಕಂಡು ತಾನೇ ಊಹಿಸಿಕೊಳ್ಳುವ ಕಷ್ಟದಿಂದ ಮಗುವನ್ನು ಉಳಿಸುತ್ತಾನೆ. ಪೆಟ್ಟಿಗೆಯ ದೀಪವೋ ಮೇವೋ ತಪ್ಪಿದ್ದರಿಂದ ರೋಗ ಬಂದದ್ದಾದರೆ ಅದನ್ನೂ ಮಗುವಿನ ತಲೆಗೆ ಕಟ್ಟದೆ ಹಿರಿಯರು ತಮ್ಮ ಮೇಲೆ ತೆಗೆದುಕೊಳ್ಳಬೇಕು; ಜೀವವೊಂದರ ಪೂರ್ಣ ಹೊಣೆಯನ್ನು ಎಂಟು ವರ್ಷದ ಮಗು ಹೊರಲಾರದು.

ಮನೆಯಲ್ಲಿ ಬೇರೆ ಓತಿಗಳಿದ್ದರೆ ಶವಪರೀಕ್ಷೆ ಮಾಡಿಸುವುದು ಬಹಳ ಪ್ರಯೋಜನಕಾರಿ. ಅದಕ್ಕಾಗಿ ದೇಹವನ್ನು ಫ್ರಿಜ್ಜಿನ ತಂಪಿನಲ್ಲಿಡಬೇಕೇ ಹೊರತು ಹೆಪ್ಪುಗಟ್ಟಿಸಬಾರದು, ಹೆಪ್ಪುಗಟ್ಟಿದ ಅಂಗಾಂಶವು ಪರೀಕ್ಷೆಗೆ ಕೆಡುತ್ತದೆ. ಹೂಳುವುದಾದರೆ ನಾಯಿ ನರಿಗಳು ಕೆದಕಲಾಗದಷ್ಟು ಆಳಕ್ಕೆ ಹೂಳಬೇಕು. ಪೆಂಟೊಬಾರ್ಬಿಟಾಲ್ ದೇಹದಲ್ಲಿ ಉಳಿದು, ಅದನ್ನು ತಿಂದ ಹದ್ದನ್ನೂ ನಾಯಿಯನ್ನೂ ಕೊಲ್ಲಬಲ್ಲದು. ಸಾಧ್ಯವಿದ್ದಲ್ಲಿ ದಹನವೇ ಮೇಲು. ಸರೀಸೃಪಗಳ ಮೈಯಲ್ಲಿ ಸಾಲ್ಮೊನೆಲ್ಲಾ ಜೀವಾಣುಗಳು ಸಹಜವಾಗಿಯೇ ಇರುವುದರಿಂದ, ದೇಹವನ್ನು ಮುಟ್ಟಿದ ಕೈಗಳನ್ನೂ ಪೆಟ್ಟಿಗೆಯ ಪಾತ್ರೆಗಳನ್ನೂ ಅಡುಗೆಮನೆಯ ತೊಟ್ಟಿಯಿಂದ ದೂರದಲ್ಲಿ ಸಾಬೂನು ಹಚ್ಚಿ ತೊಳೆಯತಕ್ಕದ್ದು. ಕ್ರಿಪ್ಟೊಸ್ಪೊರಿಡಿಯಂನಿಂದ ಸತ್ತ ಹಲ್ಲಿಯ ಮರದ ಕೊಂಬೆ, ಮರಳು, ಮರೆಯ ಗೂಡುಗಳನ್ನು ಮತ್ತೊಂದು ಪ್ರಾಣಿಗೆ ಕೊಡಲೇಬಾರದು. ಸಾಮಾನ್ಯ ಬ್ಲೀಚಿಂಗ್ ದ್ರಾವಣಕ್ಕೆ ಆ ಪರಾವಲಂಬಿ ಬಗ್ಗುವುದಿಲ್ಲ.

ಭಾರತದಲ್ಲಿರುವವರಿಗೆ ಕಾನೂನಿನ ಕರ್ತವ್ಯವೊಂದು ಉಳಿಯುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಬಂದ ತಿದ್ದುಪಡಿಯಿಂದ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಸಾಕುವವರು ಅವುಗಳನ್ನು ನೋಂದಾಯಿಸಬೇಕು. ಹಸಿರು ಇಗ್ವಾನಾ ಆ ಪಟ್ಟಿಗೆ ಸೇರಿದ್ದು. 2024ರ ನಿಯಮಗಳ ಪ್ರಕಾರ ನೋಂದಣಿಯು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನಡೆಯುತ್ತದೆ, ಮತ್ತು ಪ್ರಾಣಿಯ ಮರಣವನ್ನೂ ಅಲ್ಲಿ ವರದಿ ಮಾಡಬೇಕಾಗುತ್ತದೆ. ವೈದ್ಯರಿಂದ ಮರಣದ ಕಾರಣವನ್ನು ಲಿಖಿತವಾಗಿ ಪಡೆದಿಟ್ಟುಕೊಂಡರೆ ಈ ಕೆಲಸ ಸುಲಭ. ನಮ್ಮ ನೆಲದ ಉಡವನ್ನು ಮನೆಯಲ್ಲಿ ಸಾಕುವುದಂತೂ ನಿಷಿದ್ಧ. ಗಾಯಗೊಂಡ ಉಡವೊಂದು ರಸ್ತೆಯ ಬದಿಯಲ್ಲಿ ಕಂಡರೆ, ಅದರ ನೋವನ್ನು ನಾವೇ ಕೊನೆಗಾಣಿಸುವ ಯೋಚನೆಗೆ ಹೋಗದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಬೆಂಗಳೂರಿನವರಿಗೆ ಕೆಂಗೇರಿಯ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯೂ ಇದೆ.